ಇಂಗ್ಲೆಂಡ್ ಸುತ್ತಿದವನು ತರೀಕೆರೆಗೆ ಹೊರಟದ್ದು

ಎರಡು ಸಾವಿರದ ಇಪ್ಪತ್ತಮೂರನೆಯ ಇಸವಿ. ನನಗಾಗ ಐವತ್ತನಾಲ್ಕು ವರ್ಷ. ಅಜ್ಜಂಪುರದ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಕನ್ನಡ ಬೋಧಿಸಿ, ಅಲ್ಪವಿರಾಮ ಬಿಟ್ಟವರನ್ನು ಬೆಂಚಿನ ಮೇಲೆ ನಿಲ್ಲಿಸಿ, ಕೊನೆಗೆ ಸ್ವಯಂನಿವೃತ್ತಿ ಪಡೆದು ಕಡೂರಿನ ಸ್ವಗೃಹದಲ್ಲಿ ನೆಲೆಸಿದ್ದೆ. ಆ ವರ್ಷ ನಾನು ಇಂಗ್ಲೆಂಡಿನ ಹಳ್ಳಿಗಾಡನ್ನು ಸೈಕಲ್ಲಿನಲ್ಲಿ ಸುತ್ತಿದೆ. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಇಂಗ್ಲೆಂಡ್ ಟೀವಿಯಲ್ಲಿತ್ತು, ಸೈಕಲ್ಲು ಹಜಾರದಲ್ಲಿತ್ತು, ಅಷ್ಟೇ.

ರಕ್ತದಲ್ಲಿ ಸಕ್ಕರೆ ಹೆಚ್ಚಿದೆಯೆಂದು ವೈದ್ಯರು ಹೇಳಿದ ಮೇಲೆ, ನಿಂತಲ್ಲೇ ತುಳಿಯುವ ಸೈಕಲ್ಲೊಂದನ್ನು ತರಿಸಿದ್ದೆ. ಗೋಡೆ ನೋಡುತ್ತ ತುಳಿಯುವುದು ಬೇಸರವೆನಿಸಿ ಹುಡುಕಿದಾಗ, ಯಾರೋ ಪುಣ್ಯಾತ್ಮರು ಸೈಕಲ್ಲಿನ ಹಿಡಿಗೆ ಕ್ಯಾಮೆರಾ ಕಟ್ಟಿಕೊಂಡು ಇಂಗ್ಲೆಂಡಿನ ಓಣಿಗಳಲ್ಲಿ ಹೋದ ವಿಡಿಯೋಗಳು ಸಿಕ್ಕವು. ಎರಡೂ ಕಡೆ ಕತ್ತರಿಸಿದ ಬೇಲಿ, ಕಲ್ಲುಗೋಡೆಯಾಚೆ ಕುರಿಗಳು, ತಿರುವಿನಲ್ಲೊಂದು ಇಗರ್ಜಿ, ಅದರಾಚೆ ಚಹಾದಂಗಡಿ. ದಿನಕ್ಕೊಂದು ಮಾರ್ಗದಂತೆ ಶಿಸ್ತಾಗಿ ಪೂರೈಸತೊಡಗಿದೆ. ಟೀವಿಯಲ್ಲಿ ಏರು ಬಂದರೆ ಮುಂದಕ್ಕೆ ಬಾಗಿ ಏದುಸಿರು ಬಿಡುತ್ತಿದ್ದೆ. ದಣಿದಾಗ ತುಳಿಯುವುದನ್ನು ನಿಲ್ಲಿಸಿ, ಸೀಟಿನ ಮೇಲೇ ಕುಳಿತು, ನನ್ನ ಪತ್ನಿ ಶಾರದೆ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದೆ.

ಸಂಜೆ ಐದಾದರೆ ಶಾರದೆಯೂ ಅವರೆಕಾಯಿಯ ಮೊರ ಹಿಡಿದು ನನ್ನ ಹಿಂದೆ ಕುಳಿತು ಇಂಗ್ಲೆಂಡಿಗೆ ಬರುತ್ತಿದ್ದಳು. ಅವಳ ಲಕ್ಷ್ಯವೆಲ್ಲ ಮನೆಗಳ ಮುಂದಿನ ಹೂವಿನ ಮೇಲೆ.

"ಸ್ವಲ್ಪ ನಿಧಾನಕ್ಕೆ ಹೋಗ್ರೀ, ಆ ಗುಲಾಬಿ ನೋಡ್ಬೇಕು" ಎನ್ನುವಳು.

"ಮಧ್ಯೆ ನಿಧಾನಿಸಿದರೆ ಲಯ ಕೆಡುತ್ತದೆ" ಎಂದು ನಾನು ಗಂಭೀರವಾಗಿ ತಿಳಿಹೇಳುತ್ತಿದ್ದೆ.

ಪಕ್ಕದ ಮನೆಯ ಶಿವಣ್ಣನವರು ಸಿಂಗಟಗೆರೆಯ ತೆಂಗಿನ ತೋಟದಿಂದ ಮರಳಿದವರೇ ಕಿಟಕಿಯಲ್ಲಿ ಇಣುಕಿ, "ಮೇಷ್ಟ್ರೇ, ಇವತ್ತು ಎಲ್ಲಿಗಂಟ ಹೋದ್ರಿ?" ಎಂದು ವಿಚಾರಿಸುತ್ತಿದ್ದರು. ನಾನು ಊರಿನ ಹೆಸರು ಹೇಳುತ್ತಿದ್ದೆ. ಒಂದು ವರ್ಷದಲ್ಲಿ ನಮ್ಮ ಬೀದಿಯಲ್ಲಿ ನನ್ನ ಸ್ಥಾನ ಎಷ್ಟು ಏರಿತೆಂದರೆ, ಯಾರ ಮನೆಯ ಸೈಕಲ್ಲಿನ ಚೈನು ಕಳಚಿದರೂ ಮೊದಲು ನನ್ನ ಅಭಿಪ್ರಾಯ ಕೇಳುತ್ತಿದ್ದರು.

ಈ ಕೀರ್ತಿಗೆ ಕಲ್ಲು ಹಾಕಿದವನು ಶಾರದೆಯ ತಮ್ಮ ರುದ್ರೇಶ, ತರೀಕೆರೆಯವನು. ಅವನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ನನ್ನ ದಿವಂಗತ ಮಾವನವರ ಕಪ್ಪು ಸೈಕಲ್ಲು ಒರಗಿಕೊಂಡಿತ್ತು. ಶಾರದೆ ಹುಡುಗಿಯಾಗಿದ್ದಾಗ ಅದರಲ್ಲೇ ಶಾಲೆಗೆ ಹೋಗುತ್ತಿದ್ದಳಂತೆ. ಅದನ್ನು ತನಗೆ ಕೊಡೆಂದು ಅವಳು ತಮ್ಮನನ್ನು ಎಷ್ಟೋ ಸಲ ಕೇಳಿದ್ದಳು. ಮರುವರ್ಷದ ಸಂಕ್ರಾಂತಿಗೆ ಎಳ್ಳುಬೆಲ್ಲ ಹಿಡಿದು ಬಂದ ರುದ್ರೇಶ, ಕೊಟ್ಟಿಗೆ ಕೆಡವಿಸುತ್ತಿರುವುದಾಗಿಯೂ ಮುಂದಿನ ಭಾನುವಾರ ಮಧ್ಯಾಹ್ನ ಗುಜರಿಯವನು ಬಂದು ಸೈಕಲ್ಲನ್ನು ಒಯ್ಯುವನೆಂದೂ ತಿಳಿಸಿದ. ಶಾರದೆಯ ಮುಖ ಸಪ್ಪಗಾಯಿತು.

"ಅಕ್ಕ, ನಿಮ್ಮನೇಲಿ ಸೈಕಲ್ ಹೊಡೆಯೋರು ಯಾರಿದಾರೆ ಹೇಳು? ತಗೊಂಡು ಹೋಗಿ ಅದರ ಮೇಲೂ ಬಟ್ಟೆ ಒಣಹಾಕ್ತೀಯಾ?"

ನಾನು ಆಗ ಸೈಕಲ್ಲಿನ ಮೇಲೇ ಇದ್ದೆ. ಒಂದು ಸೇತುವೆ ದಾಟುತ್ತಿದ್ದೆ. "ಏಕೆ, ನಾನಿಲ್ಲವೆ?" ಎಂದೆ.

ರುದ್ರೇಶ ಟೀವಿ ನೋಡಿದ, ನನ್ನನ್ನು ನೋಡಿದ. "ಭಾವ, ಭಾನುವಾರ ಊಟದ ಹೊತ್ತಿಗೆ ಕಡೂರಿಂದ ತರೀಕೆರೆಗೆ ಸೈಕಲ್ಲಲ್ಲಿ ಬಂದ್ಬಿಡಿ. ಅಪ್ಪನ ಸೈಕಲ್ ನಿಮ್ದೇ. ಬರ್ಲಿಲ್ವಾ, ಗುಜರಿಗೆ."

ನಾನು ಒಪ್ಪಿದೆ. ಇಡೀ ಇಂಗ್ಲೆಂಡನ್ನು ತುಳಿದವನಿಗೆ ತರೀಕೆರೆ ಯಾವ ಲೆಕ್ಕ!

ಅಜ್ಜಂಪುರದಲ್ಲಿ ಕಬ್ಬಿಣದ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ ಗಂಗಾಧರ, ಬೆರಳು ದಪ್ಪದ ಟೈರುಗಳುಳ್ಳ ತನ್ನ ರೇಸ್ ಸೈಕಲ್ಲನ್ನೂ ಹೆಲ್ಮೆಟ್ಟನ್ನೂ ಗುರುಭಕ್ತಿಯಿಂದ ತಂದುಕೊಟ್ಟ. ಶನಿವಾರ ಸಂಜೆ ಬೀದಿಯವರೆಲ್ಲ ನೋಡುತ್ತಿರುವಂತೆ ಅಭ್ಯಾಸಕ್ಕೆ ಹೊರಟೆ. ಬಾಲ್ಯದ ವಿದ್ಯೆ ಮರೆತಿರಲಿಲ್ಲ, ಬೀದಿಯ ಕೊನೆಯವರೆಗೆ ಗಾಂಭೀರ್ಯದಿಂದಲೇ ಸಾಗಿದೆ. ಅಲ್ಲಿ ಸ್ವಲ್ಪ ದಣಿವಾಯಿತು. ವರ್ಷದ ರೂಢಿಯಂತೆ ತುಳಿಯುವುದನ್ನು ನಿಲ್ಲಿಸಿ, ಸೀಟಿನ ಮೇಲೆ ನೆಟ್ಟಗೆ ಕುಳಿತು, ಮಜ್ಜಿಗೆಗಾಗಿ ಕೈ ಚಾಚಿದೆ.

ಸೈಕಲ್ಲು ಮಲಗಿತು. ನಾನೂ ಮಲಗಿದೆ.

ಶಿವಣ್ಣನವರು ಬಂದು ಎತ್ತಿದರು. "ಇಂಗ್ಲೆಂಡಲ್ಲಿ ಕಾಲು ಊರಲ್ವಾ ಮೇಷ್ಟ್ರೇ?" ಎಂದು ಅವರು ಕೇಳಿದ್ದು ಕೇವಲ ಜಿಜ್ಞಾಸೆಯಿಂದಲೆಂದು ನಾನು ಇಂದಿಗೂ ಭಾವಿಸಿದ್ದೇನೆ.

ಭಾನುವಾರ ಶಾರದೆ ಕಾಯಿಹೋಳಿಗೆಯ ಡಬ್ಬಿಯೊಂದಿಗೆ ಬಸ್ಸಿನಲ್ಲಿ ತರೀಕೆರೆಗೆ ಹೋದಳು. ಹೊರಡುವಾಗ, ಬೀರೂರಿನ ಮೇಲೆ ಹೆದ್ದಾರಿಯಲ್ಲೇ ನೇರವಾಗಿ ಬರಬೇಕೆಂದು ಎರಡು ಸಲ ಹೇಳಿದಳು. ಆದರೆ ಇಂಗ್ಲೆಂಡಿನ ಯಾವ ಸೈಕಲ್ ಸವಾರನೂ ಹೆದ್ದಾರಿ ಹಿಡಿಯುವುದಿಲ್ಲ. ಅವನು ಓಣಿ ಹಿಡಿಯುತ್ತಾನೆ. ನಾನು ಎಮ್ಮೆದೊಡ್ಡಿಯ ದಾರಿ ಹಿಡಿದೆ.

ನಿಜ ಹೇಳುತ್ತೇನೆ, ಮೊದಲ ಭಾಗ ಸೊಗಸಾಗಿತ್ತು. ಬೆಳಗಿನ ಬಿಸಿಲು, ರಾಗಿಯ ಮೆದೆಗಳು, ತೆಂಗಿನ ನೆರಳು, ಹಿಂದಿನಿಂದ ತಳ್ಳುವ ಗಾಳಿ. ಕಾಲು ಊರುವ ಕಲೆಯೂ ಕೈವಶವಾಗಿತ್ತು. ಎಮ್ಮೆದೊಡ್ಡಿ ಹತ್ತಿರವಾದಂತೆ ಡಾಂಬರು ರಸ್ತೆಯಿಂದ ಕಾವಲಿನೊಳಗೆ ಕವಲೊಡೆದ ಬಂಡಿಜಾಡು ಕಂಡಿತು. ಅಮೃತಮಹಲ್ ದನಗಳು ಮೇಯುವ ವಿಶಾಲವಾದ ಹುಲ್ಲುಗಾವಲು. ಅದರಾಚೆಯ ಗುಡ್ಡಗಳನ್ನು ನೋಡಿ, ಕುರಿಗಳಿಲ್ಲದ ಇಂಗ್ಲೆಂಡೇ ಇದು ಎಂದುಕೊಂಡು ಹ್ಯಾಂಡಲ್ ತಿರುಗಿಸಿದೆ.

ಸ್ವಲ್ಪ ದೂರದಲ್ಲಿ ಜಾಡಿಗೆ ಅಡ್ಡವಾಗಿ ಒಂದು ಗೇಟು ಹಾರು ಹೊಡೆದಿತ್ತು. ಎರಡೂ ಕಡೆ ಮುಳ್ಳುಬೇಲಿ. ನಾನು ದಾಟಿದೆ. ದಾಟಿದವನೇ ಥಟ್ಟನೆ ನಿಂತೆ. ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ಸಭ್ಯ ಸವಾರನು ಗೇಟನ್ನು ಮುಚ್ಚಿಯೇ ಮುಂದುವರಿಯುತ್ತಾನೆ. ಅದನ್ನು ನಾನು ನೂರಾರು ಸಲ ಕಣ್ಣಾರೆ ಕಂಡಿದ್ದೆ. ನಮ್ಮವರ ಅಶಿಸ್ತಿಗೆ ಮರುಗಿ, ಗೇಟು ಎಳೆದು, ಸರಪಣಿ ಬಿಗಿದು, ಕೊಂಡಿ ಸಿಕ್ಕಿಸಿದೆ. ನಾಡಿಗೊಂದು ಮಾದರಿ ಹಾಕಿಕೊಟ್ಟ ಸಂತೃಪ್ತಿಯಿಂದ ಸೈಕಲ್ಲೇರಿದೆ.

ಹಿಂದಿನಿಂದ ಧೂಳೆದ್ದಿತು. ಧೂಳಿನೊಳಗಿಂದ ಕೊಂಬುಗಳು ಮೂಡಿದವು. ನೀರಿಗೆ ಹೊರಟ ದನಗಳ ಹಿಂಡು ಬಂದು ಮುಚ್ಚಿದ ಗೇಟಿಗೆ ಒತ್ತಿ ನಿಂತು ಅಂಬಾ ಎನ್ನತೊಡಗಿತು. ಹಿಂಡಿನ ಹಿಂದಿನಿಂದ ದನಗಾಹಿ ಕೂಗಿದ:

"ಯಾರ್ರೀ ಗೇಟ್ ಹಾಕ್ದೋರು?"

"ನಾನೇ" ಎಂದೆ, ಸಾಕಷ್ಟು ಹೆಮ್ಮೆಯಿಂದ.

"ದನ ನೀರಿಗೆ ಹೋಗ್ಲಿ ಅಂತ ತೆಗೆದು ಹೋದ್ರೆ ಹಾಕ್ಬಿಟ್ಟು ಹೋಯ್ತೀರಲ್ಲ! ತೆಗೀರಿ ಮೊದ್ಲು."

ಹಿಂದಿರುಗಿ ಕೊಂಡಿ ತೆಗೆದೆ. ತೆಗೆದ ಮೇಲೆ ಬೇಲಿಯ ಪಕ್ಕಕ್ಕೆ ಸರಿಯುವುದು ವಿವೇಕಿಯ ಲಕ್ಷಣ. ನಾನು ಸೈಕಲ್ಲೇರಿ ಮುಂದೆ ಹೊರಟೆ. ಬಾಯಾರಿದ ಅಮೃತಮಹಲ್ ದನಗಳ ಓಟವನ್ನು ಇಂಗ್ಲೆಂಡಿನ ಯಾವ ವಿಡಿಯೋದಲ್ಲೂ ತೋರಿಸಿಲ್ಲ. ಅವುಗಳಿಗೆ ನನ್ನ ಮೇಲೆ ದ್ವೇಷವಿರಲಿಲ್ಲ. ಅವುಗಳಿಗೆ ನೀರು ಬೇಕಿತ್ತು, ಮಧ್ಯೆ ನಾನಿದ್ದೆ. ನನ್ನ ಜೀವಮಾನದಲ್ಲೇ ಅಷ್ಟು ವೇಗವಾಗಿ ನಾನು ತುಳಿದಿಲ್ಲ. ತರೀಕೆರೆಯ ಕಡೆಯ ತಿರುವು ಬಂತು, ಕಂಡಿತು, ಹೋಯಿತು. ವರ್ಷವಿಡೀ ರಸ್ತೆ ತಾನಾಗಿಯೇ ತಿರುಗುತ್ತಿದ್ದುದರಿಂದ, ತಿರುಗಿಸಬೇಕಾದವನು ನಾನು ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ಜಾಡು ನೀರಿನ ಕಟ್ಟೆಯಲ್ಲಿ ಮುಗಿಯುತ್ತಿತ್ತು. ದನಗಳು ಅಂಚಿನಲ್ಲಿ ನಿಂತವು. ನಾನು ನಿಲ್ಲಲಿಲ್ಲ.

ಮೊಣಕಾಲುದ್ದದ ಕೆಸರುನೀರಿನಿಂದ ದನಗಾಹಿ ನನ್ನನ್ನೂ, ಆಮೇಲೆ ಮುಂಗಾಲಿ ಸೊಟ್ಟಗಾದ ಸೈಕಲ್ಲನ್ನೂ ಎಳೆದುಹಾಕಿದ. ನಗು ತಡೆಯಲು ಅವನು ಪಟ್ಟ ಪಾಡು ನೋಡಿದರೆ ಕನಿಕರವಾಗುತ್ತಿತ್ತು. "ಏನೇ ಹೇಳಿ, ನಮ್ಮ ದನದ ಮುಂದೆ ಇಷ್ಟು ದೂರ ಸೈಕಲ್ ಓಡಿಸ್ದೋರ ನಾ ಕಂಡಿಲ್ಲ ಕಣ್ರೀ" ಎಂದ. ಈ ಮಾತನ್ನು ನಾನು ಪ್ರಶಸ್ತಿಪತ್ರವೆಂದೇ ಸ್ವೀಕರಿಸಿದ್ದೇನೆ.

ಅವನು ದಾರಿಯಲ್ಲಿ ಹೋಗುತ್ತಿದ್ದ ಟ್ರಾಕ್ಟರೊಂದಕ್ಕೆ ನನ್ನನ್ನೂ ಸೈಕಲ್ಲನ್ನೂ ಹತ್ತಿಸಿದ. ತರೀಕೆರೆಯ ಹೊರವಲಯದ ಪಂಕ್ಚರ್ ಅಂಗಡಿಯ ಬಳಿ ನಾನು ಹಟ ಹಿಡಿದು ಇಳಿದೆ. ಸೈಕಲ್ಲಿನ ಮೇಲಲ್ಲದೆ ಊರೊಳಗೆ ಕಾಲಿಡಬಾರದೆಂಬುದು ನನ್ನ ನಿಶ್ಚಯ. ಚಕ್ರವಾದರೋ ತಿರುಗುತ್ತಿರಲಿಲ್ಲ. ಅಂಗಡಿಯವನು ಅದನ್ನು ಒಮ್ಮೆ ನೋಡಿ, ನಾಳೆ ಬನ್ನಿ ಎಂದ. ಊಟದ ಹೊತ್ತು ಸಮೀಪಿಸಿತ್ತು. ಅವನ ಫೋನಿನಿಂದಲೇ ಶಾರದೆಗೆ ಕರೆಮಾಡಿ ಗೇಟು, ದನ, ಕಟ್ಟೆ ಎಲ್ಲವನ್ನೂ ಅನುಕ್ರಮವಾಗಿ ವಿವರಿಸತೊಡಗಿದೆ. ಹಿಂದಿನಿಂದ ರುದ್ರೇಶನ ನಗು, ಗುಜರಿಯವನ ಕೂಗು ಎರಡೂ ಕೇಳಿದವು.

"ಎಲ್ಲಿದೀರಾ ಅಷ್ಟು ಹೇಳಿ" ಎಂದು ಶಾರದೆ ಮಾತು ತುಂಡರಿಸಿದಳು. ಹೇಳಿದೆ. ಫೋನು ಕಡಿಯಿತು.

ಕೆಸರು ಒಣಗಿ ಚರ್ಮ ಬಿಗಿಯುತ್ತಿರುವಾಗ, ದೂರದಲ್ಲಿ ಕಪ್ಪು ಸೈಕಲ್ಲೊಂದು ಕಂಡಿತು. ಮೇಲೆ ರೇಷ್ಮೆ ಸೀರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ನೆಟ್ಟಗಿಟ್ಟು, ಅವಳು ಲಾರಿಯೊಂದಕ್ಕೆ ದಾರಿ ಬಿಟ್ಟು, ಗಂಟೆ ಬಾರಿಸಿ, ನನ್ನೆದುರು ಬಂದು ಕಾಲು ಊರಿದಳು. ಎಷ್ಟು ಸಲೀಸಾಗಿ ಊರಿದಳು!

"ಗುಜರಿಯೋನ ಕೈಯಿಂದ ಕಿತ್ಕೊಂಡು, ಗಾಳಿ ಹೊಡೆಸ್ಕೊಂಡು ಬಂದೆ" ಎಂದಳು. "ಹತ್ತಿ ಹಿಂದೆ. ಊಟ ತಣ್ಣಗಾಗ್ತದೆ."

ಹೀಗೆ ನಾನು ತರೀಕೆರೆಯ ಪೇಟೆಬೀದಿಯಲ್ಲಿ, ಕೆಸರು ಮೆತ್ತಿದ ಹೆಲ್ಮೆಟ್ಟು ಧರಿಸಿ, ಕ್ಯಾರಿಯರಿನ ಮೇಲೆ ಕುಳಿತು ಪ್ರವೇಶಿಸಿದೆ. ಜನ ನಿಂತು ನೋಡಿದರು. ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಹೆಮ್ಮೆ. ಇವಳು ನನ್ನ ಹೆಂಡತಿ ಎಂದು ಎದುರಾದವರಿಗೆಲ್ಲ ಕೂಗಿ ಹೇಳಬೇಕೆನಿಸಿತು. ಇಬ್ಬರಿಗೆ ಹೇಳಿಯೂ ಹೇಳಿದೆ.

ಬಾಗಿಲಲ್ಲಿ ರುದ್ರೇಶ ಬಾಯಿ ತೆರೆದು ನಿಂತಿದ್ದ. ಶಾರದೆ ಇಳಿದು ಸ್ಟ್ಯಾಂಡು ಹಾಕಿದಳು. "ನಮ್ಮನೇಲಿ ಸೈಕಲ್ ಹೊಡೆಯೋರು ಯಾರು ಅಂದ್ಯಲ್ಲ ಕಣೋ" ಎಂದಷ್ಟೇ ಹೇಳಿ ಒಳಗೆ ಎಲೆ ಹಾಕಲು ಹೋದಳು. ಗುಜರಿಯವನು ಒಂದು ಹೋಳಿಗೆ ತಿಂದು ಬರಿಗೈಯಲ್ಲಿ ಹೊರಟ.

ಎರಡು ವಾರದ ಮೇಲೆ ರುದ್ರೇಶನೇ ಕಪ್ಪು ಸೈಕಲ್ಲಿಗೆ ಹೊಸ ಟೈರು ಹಾಕಿಸಿ ಕಡೂರಿಗೆ ತಂದುಕೊಟ್ಟ. ಅಂದು ಸಂಜೆ ಐದಕ್ಕೆ ನಮ್ಮ ಮನೆಯ ಟೀವಿ ಹತ್ತಲಿಲ್ಲ. ಶಾರದೆ ಸೈಕಲ್ಲೇರಿದಳು, ನಾನು ಚೀಲ ಹಿಡಿದು ಹಿಂದೆ ಕುಳಿತೆ. ಕೆರೆಯ ಕಡೆಯ ಓಣಿಯಲ್ಲಿ ಯಾರದೋ ಕಾಂಪೌಂಡಿನ ಮೇಲೆ ಕೆಂಡಸಂಪಿಗೆಯ ಕೊಂಬೆ ಬಾಗಿ ಹೂ ಬಿಟ್ಟಿತ್ತು.

"ಸ್ವಲ್ಪ ನಿಧಾನವಾಗಿ ಹೋಗೆ, ಆ ಹೂವನ್ನು ನೋಡಬೇಕು" ಎಂದೆ.

"ಮಧ್ಯೆ ನಿಧಾನ ಮಾಡಿದ್ರೆ ಲಯ ಕೆಡ್ತದೆ" ಎಂದಳು, ಹಿಂದಿರುಗಿ ನೋಡದೆ.

ನಮ್ಮ ಮನೆಯಲ್ಲಿ ಸೈಕಲ್ ಸವಾರರು ಯಾರೆಂಬ ಪ್ರಶ್ನೆ ಹೀಗೆ ಶಾಶ್ವತವಾಗಿ ಇತ್ಯರ್ಥವಾದದ್ದು ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿಯ ಫೆಬ್ರವರಿ ನಾಲ್ಕನೆಯ ತಾರೀಖು, ಭಾನುವಾರ.