ದಾಹಮುಕ್ತ ಊರಿನ ನೀರಡಿಸಿದ ಬೆಕ್ಕು

ಯುಗಾದಿಯ ಮರುದಿನದಿಂದ ಊರಿನಲ್ಲಿ ಯಾರಿಗೂ ನೀರಡಿಕೆ ಆಗುವುದಿಲ್ಲ. ದಾಹ ನಿವಾರಣಾ ಸಮಿತಿಯು ಸಭೆ ಸೇರಿ, ಚಹಾ ಕುಡಿದು, ಊರನ್ನು ಸರ್ವಾನುಮತದಿಂದ ದಾಹಮುಕ್ತವೆಂದು ಘೋಷಿಸಿದೆ. ನಳಗಳಲ್ಲಿ ನೀರು ಇನ್ನೂ ಬರಬೇಕಾಗಿದೆ. ಅದು ಬೇರೆ ಇಲಾಖೆಯ ವಿಷಯ.

ಈ ಘೋಷಣೆಯನ್ನು ಮೊದಲು ಉಲ್ಲಂಘಿಸಿದ್ದು ಬಳೆ ಮಾರುವ ಜೈಬುನ್ನೀಸಾಳ ಬೆಕ್ಕು ಶಹಜಾದಿ. ಎಲ್ಲಿಯೋ ಹಳಸಿದ ಮೀನು ತಿಂದು ವಾಂತಿ-ಭೇದಿ ಹತ್ತಿ, ತಂಪು ಪರ್ಸಿಕಲ್ಲಿನ ನೆಲದ ಮೇಲೆ ಮೈಚೆಲ್ಲಿ ಬಿದ್ದಿತ್ತು. ಚಮಚದಲ್ಲಿ ನೀರು ಹಾಕಿದರೆ ಅದೂ ಹೊರಗೆ ಬರುತ್ತಿತ್ತು. ಗಂಡ ತೀರಿದ ಮೇಲೆ ಮನೆಯಲ್ಲಿ ಆಕೆಯ ಮಾತಿಗೆ ಓಗೊಡುತ್ತಿದ್ದ ಜೀವ ಅದೊಂದೇ. ಜೈಬುನ್ನೀಸಾ ಬಳೆಬುಟ್ಟಿ ಖಾಲಿ ಮಾಡಿ, ಅದರಲ್ಲಿ ಬೆಕ್ಕನ್ನು ಮಲಗಿಸಿಕೊಂಡು ದನದ ದವಾಖಾನೆಗೆ ಓಡಿದಳು.

ಡಾಕ್ಟರ್ ರಮೇಶಕುಮಾರ ಬೆಕ್ಕಿನ ಕತ್ತಿನ ಚರ್ಮ ಹಿಡಿದೆತ್ತಿ ಬಿಟ್ಟರು. ಚರ್ಮ ಎತ್ತಿದಲ್ಲೇ ನಿಂತಿತು.

"ಮೈಯಾಗ ನೀರೇ ಇಲ್ಲರಿ. ಲಗೂ ಸಲಾಯಿನ್ ಏರಿಸಬೇಕು," ಎಂದರು. ಆಮೇಲೆ ಗೋಡೆಯ ಮೇಲಿನ ಸುತ್ತೋಲೆ ಕಣ್ಣಿಗೆ ಬಿದ್ದು ದನಿ ತಗ್ಗಿಸಿದರು. ಊರಿನ ಗಡಿಯೊಳಗೆ ಮನುಷ್ಯರಾಗಲಿ, ಪ್ರಾಣಿಗಳಾಗಲಿ ನೀರಿನ ಕೊರತೆಯಿಂದ ಬಳಲತಕ್ಕದ್ದಲ್ಲ. ಬಳಲಿದಲ್ಲಿ ಚಿಕಿತ್ಸೆ ನೀಡಿದವರೇ ಹೊಣೆಗಾರರು. ಸಮಿತಿಯ ಅನುಮತಿ ತರಬೇಕೆಂದು ಹೇಳಿ ಕಳಿಸಿದರು.

ಸಮಿತಿಯ ಕಾರ್ಯದರ್ಶಿ ದೇವಿಂದ್ರಪ್ಪ ಬುಟ್ಟಿಯೊಳಗೆ ಇಣುಕಿ, ನೀರಡಿಕೆ ಎಲ್ಲಿ ಆಯಿತೆಂದು ವಿಚಾರಿಸಿದರು. ಮನೆಯಲ್ಲೇ ಎಂದಳು ಜೈಬುನ್ನೀಸಾ.

"ಮನಿ ಊರಾಗದ. ಊರಾಗ ನೀರಡಿಕಿ ಇಲ್ಲ. ಅಂದಮ್ಯಾಲ ಬೆಕ್ಕು ಸುಳ್ಳು ಹೇಳ್ಲಿಕತ್ತದ."

"ನೀರು ಕುಡೀಲಿಕ್ಕೇ ಬಾಯಿ ತೆರಿವಲ್ದರಿ ಸಾಹೇಬ್ರ, ಸುಳ್ಳು ಎಲ್ಲಿಂದ ಹೇಳ್ತದ?"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಗಾದೆ ಕಟ್ಟಿದವರು ಈ ಕಚೇರಿಯನ್ನು ನೋಡಿರಲಿಕ್ಕಿಲ್ಲ. ಜೈಬುನ್ನೀಸಾ ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಇದು ಇಲ್ಲೇ ಸತ್ತರೆ ಯಾವ ಕಾರಣ ಬರೆಯುತ್ತೀರೆಂದು ಕೇಳಿ ಅಳಲು ಕುಳಿತಳು. ದೇವಿಂದ್ರಪ್ಪ ಕಲ್ಲುಹೃದಯದವರಲ್ಲ. ಊರಿನ ನಕ್ಷೆ ಬಿಡಿಸಿ ನೋಡಿ, ಸೇಡಂ ರಸ್ತೆಯ ಗಡಿಕಲ್ಲಿನ ಮೇಲೆ ಬೆರಳಿಟ್ಟರು.

"ಇದರ ಆಚಿಗಿ ಒಯ್ರಿ. ಅಲ್ಲಿ ಎಷ್ಟರೆ ನೀರಡಿಸಲಿ, ನಮ್ಮದೇನೂ ತಕರಾರಿಲ್ಲ."

ಡಾಕ್ಟರು ಅರ್ಧ ದಿನದ ರಜೆ ಹಾಕಿ ಗಡಿಯಾಚೆ ಬಂದರು. ಗಡಿಕಲ್ಲಿಗೆ ಹೊಂದಿಕೊಂಡಿದ್ದ ರೈತ ಭೀಮಶಾನ ಹೊಲದ ಬೇವಿನ ಮರಕ್ಕೆ ಸಲಾಯಿನ್ ಬಾಟಲಿ ತೂಗುಬಿತ್ತು. ಸಂಜೆಯ ಹೊತ್ತಿಗೆ ಶಹಜಾದಿ ಕಣ್ಣು ತೆರೆದು, ಭೀಮಶಾನ ಬೋರಿನ ನೀರನ್ನು ಡಬ್ಬಿಯ ಮುಚ್ಚಳದಿಂದ ನೆಕ್ಕಿತು, ಹೊಟ್ಟೆಯಲ್ಲಿ ಉಳಿಸಿಕೊಂಡಿತು. ಜೈಬುನ್ನೀಸಾಳಿಗೆ ಹೋದ ಜೀವ ಬಂದಂತಾಯಿತು. ಜೊತೆಗೆ ಬಂದಿದ್ದ ನೆರೆಮನೆಯ ಅನಸುಬಾಯಿ ಸಮಯ ಸಾಧಿಸಿ ತಾನೂ ಒಂದು ತಂಬಿಗೆ ಎತ್ತಿದಳು. ಘೋಷಣೆಯಾದಂದಿನಿಂದ ಆಕೆ ಬಾಗಿಲು ಹಾಕಿಕೊಂಡೇ ನೀರು ಕುಡಿಯುತ್ತಿದ್ದಳು.

ಮರುದಿನ ಓಣಿಗೆ ಓಣಿಯೇ ಬಂತು. ಸಮಿತಿಯೂ ಸುಮ್ಮನಿರದೆ ನಿಯಮ ತಿದ್ದಿತು: ನೀರಡಿಸಲಿಚ್ಛಿಸುವವರು ಗಡಿಯಾಚೆ ಹೋಗಿ ನೀರಡಿಸಿ, ಕುಡಿದು, ದಾಹಮುಕ್ತರಾಗಿ ಮರಳತಕ್ಕದ್ದು. ಜನ ಶಿಸ್ತಿನಿಂದ ಪಾಲಿಸಿದರು. ಗಡಿಕಲ್ಲು ದಾಟುವ ತನಕ ಮಕ್ಕಳೂ ತುಟಿ ಸವರಿಕೊಳ್ಳುತ್ತಿರಲಿಲ್ಲ. ಊರಿಗೆ ಪ್ರಶಸ್ತಿ ಬಂತು.

ಪ್ರಶಸ್ತಿ ಸಮಾರಂಭದಲ್ಲಿ ಸಮಿತಿಯ ಅಧ್ಯಕ್ಷರು ಎರಡು ತಾಸು ಭಾಷಣ ಮಾಡಿದರು. ಗಂಟಲು ಒಣಗಿ ಮಾತು ನಿಂತಿತು. ವೇದಿಕೆಯ ಮೇಲೆ ನೀರಿಡುವುದು ನಿಯಮಬಾಹಿರವಾದ್ದರಿಂದ, ಅವರು ಸನ್ನೆಯಲ್ಲೇ ಕಾರು ತರಿಸಿ ಗಡಿಯಾಚೆ ಧಾವಿಸಿದರು. ಬೋರಿನ ಮುಂದೆ ಊರೇ ಪಾಳಿ ಹಚ್ಚಿತ್ತು. ಸಾಲಿನ ಕಟ್ಟಕಡೆಗೆ ಜೈಬುನ್ನೀಸಾ ಬೆಕ್ಕಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು.

"ಕುಂದ್ರಿ ಸಾಹೇಬ್ರ," ಎಂದು ಆಕೆ ಸರಿದು ಜಾಗ ಮಾಡಿಕೊಟ್ಟಳು. "ಬೆಕ್ಕಿನ ಹಿಂದ ನಿಮ್ಮ ಪಾಳಿ."

ಅಧ್ಯಕ್ಷರು ಹಾರ ಸರಿಪಡಿಸಿಕೊಂಡು ಬೆಕ್ಕಿನ ಹಿಂದೆ ಕುಳಿತರು.