ರಂಗಂಪೇಟೆಯ ಸೊನ್ನೆ

ಮನಸ್ಸಿನ ಸಮಾಚಾರ ಕೇಳುತ್ತ ಊರೂರು ತಿರುಗುವವರಿಗೆ ನಗುವಿಗೇನೂ ಬರವಿಲ್ಲ. ನಗಬಾರದ ಜಾಗದಲ್ಲೇ ಅದು ಬರುತ್ತದೆ ಎಂಬುದೊಂದೇ ಕಷ್ಟ. ನನ್ನ ಕೆಲಸ ಇಷ್ಟೇ: ಶಹಾಪುರ, ಸುರಪುರದ ಅವೇ ಮನೆಗಳಿಗೆ ತಿಂಗಳಿಗೊಮ್ಮೆ ಹೋಗಿ ಅವೇ ಪ್ರಶ್ನೆ ಕೇಳುವುದು. ಹದಿನೈದು ದಿನದಲ್ಲಿ ನಿದ್ದೆ ಕೆಟ್ಟಿತೇ, ಎದೆ ಡವಡವ ಎಂದಿತೇ, ಏನೂ ಬೇಡ ಎನಿಸಿತೇ? ಇಲ್ಲ ಎಂದರೆ ಸೊನ್ನೆ, ದಿನಾಲೂ ಎಂದರೆ ಮೂರು; ಕೂಡಿಸಿದ ಅಂಕ ಹೆಚ್ಚಿದಷ್ಟೂ ತ್ರಾಸು ಹೆಚ್ಚು. ಒಬ್ಬೊಬ್ಬರ ಆತಂಕ, ಖಿನ್ನತೆ ಹೇಗೆ ಏರಿಳಿಯುತ್ತದೆ ಎಂದು ಯಾದಗಿರಿಯ ಆಫೀಸಿನಲ್ಲಿ ಗೆರೆ ಎಳೆದು ನೋಡುತ್ತಾರೆ.

೧. ಮಾಸ್ತರರ ಮಾರ್ಕು

ಶಹಾಪುರದ ನಿವೃತ್ತ ಮಾಸ್ತರರಿಗೆ ಮೊದಲ ತಿಂಗಳು ಹದಿಮೂರು ಬಂದಿತ್ತು. ಔಷಧ ತೆಗೆದುಕೊಂಡ ಮೇಲೆ ಎಂಟಕ್ಕಿಳಿಯಿತು. ಖುಷಿಯಿಂದ ಹೇಳಿದರೆ ಅವರ ಮುಖ ಕೆಂಪಾಯಿತು.

"ಎಂಟ? ನಾ ಜಿಂದಗೀದಾಗ ಹಿಂದ ಬಿದ್ದಾಂವ ಅಲ್ಲ. ಯಾವ ಪ್ರಶ್ನಿಗೆ ಕಡಿಮಿ ಹಾಕೀರಿ, ತೋರಸ್ರಿ!"

ಒಳಗಿನಿಂದ ಅವರ ಹೆಂಡತಿ ಕೂಗಿದರು: "ಉಳಿದಿದ್ದು ನನಗ ಹಾಕ್ರಿ. ಅವರ ಜೋಡಿ ಇರಾಕಿ ನಾನು!"

೨. ಸಪಾಟು ಗೆರೆ

ಸುರಪುರಕ್ಕೆ ಹೊಂದಿದ ರಂಗಂಪೇಟೆಯಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳದು ಮಾತ್ರ ಐದು ತಿಂಗಳೂ ಸೊನ್ನೆ. ಏನು ಕೇಳಿದರೂ "ಆರಾಮ ಅದೀನ್ರಿ" ಎನ್ನುತ್ತಿದ್ದಳು. ಪ್ರತಿ ತಿಂಗಳೂ ಆಫೀಸಿನ ಸಾಹೇಬರಿಂದ ನನಗೆ ಬೈಗುಳ.

"ಫಾರ್ಮು ಮನ್ಯಾಗ ಕುಂತು ತುಂಬೀರೇನು? ಈ ಸಲಾನೂ ಸೊನ್ನಿ ಬಂದ್ರ ಕೆಲಸಕ್ಕ ಬರಬ್ಯಾಡ್ರಿ. ಸತ್ತವರ ಗೆರೀನೂ ಇಷ್ಟ ಸಪಾಟ ಇರಂಗಿಲ್ಲ!"

ಕೆಲಸದ ಭಯ ಇದ್ದೇ ಇತ್ತು. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಬೇರೆ: ಹೋದ ಸಲ ಆಕೆಯ ಹೊಲಿಗೆ ಮಷಿನಿನ ಮೇಲೆ ಧೂಳು ಕೂತಿತ್ತು.

೩. ಆರನೇ ತಿಂಗಳು

ಫಾರ್ಮು ಹಿಡಿದು ಆಕೆಯ ಮುಂದೆ ಕೂತೆ.

"ನಿದ್ದಿ?"

"ಬರ್ತದ್ರಿ."

"ಹೆದರಿಕಿ?"

"ಇಲ್ರಿ."

ನನಗೆ ತಡೆಯಲಾಗಲಿಲ್ಲ. "ಖರೇ ಹೇಳವ್ವಾ, ಕೈ ಮುಗೀತೀನಿ!"

ಆಕೆ ನೀರಿನ ತಂಬಿಗೆ ಮುಂದಿಟ್ಟಳು. "ಹೆಂಗ ಹೇಳಲ್ರಿ ಅಕ್ಕಾರ? ಮೊದಲ ತಿಂಗಳ ನಕ್ಕೋತ ಬಂದಿದ್ರಿ. ಮುಂದಿನ ತಿಂಗಳ ಚಾ ಬ್ಯಾಡಂದ್ರಿ. ಆಮ್ಯಾಲ ಉಗುರು ಕಡ್ಯಾಕತ್ತಿದ್ರಿ. ಈಗ ಅಂತೂ ಪೂರಾ ಸೊರಗೀರಿ. ನಿಮಗಽ ಇಷ್ಟ ತ್ರಾಸ ಇರೂವಾಗ ನಂದೂ ಯಾಕ ಹೊರಸ್ಬೇಕಂತ ಸುಮ್ನಿದ್ದೆ."

ಆಫೀಸಿನವರು ಕಂಪ್ಯೂಟರಿನಲ್ಲಿ ಎಳೆಯುವ ಗೆರೆಯನ್ನು ಈಕೆ ನನ್ನ ಮುಖ ನೋಡಿಯೇ ಎಳೆದುಬಿಟ್ಟಿದ್ದಳು!

"ನಾ ಸೊರಗಿದ್ದಽ ನಿಮ್ಮ ಸೊನ್ನಿಯಿಂದ!" ಎಂದೆ.

ಆಕೆ ಅಳುತ್ತ ಒಂದೊಂದೇ ಹೇಳಿದಳು. ತಿಂಗಳುಗಟ್ಟಲೆ ನಿದ್ದೆಯಿಲ್ಲ, ಮಷಿನಿನ ಮುಂದೆ ಕೂತರೆ ಕೈ ಆಡುವುದಿಲ್ಲ, ಯಾರಾದರೂ ಬಾಗಿಲು ಬಡಿದರೂ ಎದೆ ಹಾರುತ್ತದೆ. ಬರೆದು ಕೂಡಿಸಿದೆ.

"ಹತ್ತೊಂಬತ್ತು! ಭಾಳ ಚಲೋ ಆತು!" ಬಾಯಿ ಜಾರಿಯೇ ಹೋಯಿತು.

ಆಕೆ ಕಣ್ಣೊರೆಸಿಕೊಂಡು ಕೇಳಿದಳು: "ನಿದ್ದಿ ಕೆಟ್ಟಿದ್ದು ನಂದು, ಚಲೋ ಆಗಿದ್ದು ನಿಮಗೇನ್ರಿ?"

ಆಮೇಲೆ ನಕ್ಕಳು. ಆರು ತಿಂಗಳಲ್ಲಿ ಆ ನಗು ಕೇಳಿದ್ದು ಅದೇ ಮೊದಲು. ನನಗೆ ಅಳುವೇ ಬಂತು.

ಮರುದಿನ ಆಕೆಯನ್ನು ಸುರಪುರದ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಇಬ್ಬರನ್ನೂ ನೋಡಿ, "ತೋರಿಸಿಕೊಳ್ಳುವವರು ಯಾರು?" ಎಂದರು.

ಆಕೆ ನನ್ನನ್ನು ಮುಂದಕ್ಕೆ ತಳ್ಳಿದಳು.

"ಮೊದಲ ಇವರ್ನ ನೋಡ್ರಿ ಸರ. ನಂದು ಬರೇ ಹತ್ತೊಂಬತ್ತ ಅದ."