ಹನ್ನೊಂದಕ್ಕೆ ಹನ್ನೊಂದೂ ಫೇಲು

ಶಿಲ್ಪಶ್ರೀ: ಅದಲ್ಲ ಸರ್. ಮೂರು ವರ್ಷದ ತರಗತಿಯಿಂದ ಪರಿಣಾಮ ಏನಾಯ್ತು ಅಂತ ಕೇಳಿದ್ದು.

ವೆಂಕಟಯ್ಯ: ನಾನೂ ಅದನ್ನೇ ಹೇಳ್ತಿರೋದು. ಯಾರಿಗೂ ಏನೂ ಆಗಿಲ್ಲ. ಎಲ್ಲ ಆರೋಗ್ಯವಾಗಿದಾರೆ. ಅಡ್ಡ ಪರಿಣಾಮ ಒಂದೂ ಇಲ್ಲ.

ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಗಳು. ವಯಸ್ಸಾದ ಹೆಂಗಸರಿಗೆ ಪ್ರತಿ ಬುಧವಾರ ಮಧ್ಯಾಹ್ನ ಓದುಬರಹ ಕಲಿಸುವ ಸಣ್ಣ ಟ್ರಸ್ಟು ಅದು. ವೆಂಕಟಯ್ಯ ಅದರ ಕಾರ್ಯದರ್ಶಿ, ಮೇಷ್ಟ್ರೂ ಅವರೇ. ಶಿಲ್ಪಶ್ರೀ ಟ್ರಸ್ಟಿಗೆ ನೆರವು ಕೊಡುವ ಸಂಸ್ಥೆಯ ಪರವಾಗಿ ಶಿವಮೊಗ್ಗದಿಂದ ಮೌಲ್ಯಮಾಪನಕ್ಕೆ ಬಂದವಳು. ತರಗತಿ ಇರಬೇಕೋ ಮುಚ್ಚಬೇಕೋ ಎಂಬುದು ಅವಳ ವರದಿಯ ಮೇಲೆ ನಿಂತಿತ್ತು.

ಶಿಲ್ಪಶ್ರೀ: ಹೋಗ್ಲಿ, ಬೇಸ್‌ಲೈನ್ ಇದೆಯಾ?

ವೆಂಕಟಯ್ಯ: ಲೈನಿಲ್ಲದೆ ಬರೀತಾರಾ ಮೇಡಂ? ಎಲ್ಲರಿಗೂ ನಾಲ್ಕು ಗೆರೆ ಪುಸ್ತಕಾನೇ ಕೊಟ್ಟಿದೀವಿ.

ಶಿಲ್ಪಶ್ರೀ: ಅಂದ್ರೆ, ಸೇರುವಾಗ ಅವರಿಗೆ ಎಷ್ಟು ಬರ್ತಿತ್ತು, ಈಗೆಷ್ಟು ಬರ್ತದೆ?

ವೆಂಕಟಯ್ಯ: ಹಾಜರಾತಿ ನೋಡಿ, ನೂರಕ್ಕೆ ತೊಂಬತ್ತೆಂಟು! ಜ್ವರ ಬಂದ್ರೂ ಬರ್ತಾರೆ. ಗ್ರೂಪ್ ಫೋಟೋನೇ ಇನ್ನೂರ ಹನ್ನೆರಡು ಇದೆ.

ಶಿಲ್ಪಶ್ರೀ: ಫೋಟೋದಲ್ಲಿ ಓದೋಕೆ ಬರ್ತದೋ ಇಲ್ವೋ ಕಾಣಲ್ಲ ಸರ್. ಎಷ್ಟು ಜನ ಪಾಸಾದ್ರು?

ವೆಂಕಟಯ್ಯ: (ಕಿಟಕಿ ನೋಡುತ್ತ) ಮೊದಲ ವರ್ಷ ಸೀತಕ್ಕ ಅಂತ ಒಬ್ರು ಪಾಸಾದ್ರು. ಸರ್ಟಿಫಿಕೇಟು ಕೊಟ್ಟು ಕಳಿಸಿಕೊಟ್ವಿ. ಉಳಿದ ಹನ್ನೊಂದೂ... ಪ್ರಗತಿಯಲ್ಲಿದೆ.

ಶಿಲ್ಪಶ್ರೀ ತಾನೇ ಪರೀಕ್ಷೆ ಮಾಡಲು ಕೂತಳು. ಮೊದಲು ಒಳಬಂದವರು ಅರವತ್ತೆಂಟು ವರ್ಷದ ನೀಲಾಂಬಿಕೆ. ಉಳಿದ ಹತ್ತು ಜನ ಬಾಗಿಲ ಸಂದಿಯಲ್ಲಿ ಒಬ್ಬರ ಮೇಲೊಬ್ಬರು ಇಣುಕುತ್ತಿದ್ದರು. ಶಿಲ್ಪಶ್ರೀ 'ಆನೆ' ಎಂದು ಬರೆದ ಕಾರ್ಡು ತೋರಿಸಿದಳು.

ಶಿಲ್ಪಶ್ರೀ: ಅಜ್ಜಿ, ಇದೇನು ಓದಿ.

ನೀಲಾಂಬಿಕೆ: ಇರುವೆ.

ವೆಂಕಟಯ್ಯ: (ಮೂಗಿನಿಂದ ಕೈ ಇಳಿಬಿಟ್ಟು ಆಡಿಸುತ್ತ) ಸರಿಯಾಗಿ ನೋಡಿ ನೀಲಾಂಬಿಕಮ್ಮ!

ನೀಲಾಂಬಿಕೆ: ಎಂತ ವೆಂಕಟಯ್ಯೋರೆ, ನೆಗಡಿಯಾ?

ಶಿಲ್ಪಶ್ರೀ: ಸರ್, ಹೇಳಿಕೊಡಬೇಡಿ. ಅಜ್ಜಿ, ಇದು? (ಕಾರ್ಡಿನಲ್ಲಿ: ಹಗಲು)

ನೀಲಾಂಬಿಕೆ: ರಾತ್ರಿ.

ಶಿಲ್ಪಶ್ರೀ: ಇದು? (ಬಿಸಿ)

ನೀಲಾಂಬಿಕೆ: ತಣ್ಣಗೆ.

ಶಿಲ್ಪಶ್ರೀ: ಇದೊಂದು. (ಅತ್ತೆ)

ನೀಲಾಂಬಿಕೆ: ಸೊಸೆ. ನಂಗೆ ತಲೆಗೇ ಹತ್ತಲ್ಲ ಕೂಸೇ. ಫೇಲು ಅಂತ ಬರ್ಕೊ.

ವೆಂಕಟಯ್ಯ ತಲೆಯ ಮೇಲೆ ಕೈ ಹೊತ್ತು ಕೂತರು. ಶಿಲ್ಪಶ್ರೀ ಮಾತ್ರ ಕಾರ್ಡುಗಳನ್ನು ಮತ್ತೊಮ್ಮೆ ತಿರುವಿ ಹಾಕಿದಳು. ಓದು ಬಾರದವರು ಕಣ್ಣುಮುಚ್ಚಿ ಹೇಳಿದರೂ ತಪ್ಪು ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಅವಳು ಒಂದು ಸ್ಲೇಟು ತೆಗೆದುಕೊಂಡು, ಮಾತಾಡದೆ ಒಂದು ಸಾಲು ಬರೆದು, ಎತ್ತಿ ಹಿಡಿದಳು: 'ಈ ತರಗತಿಯನ್ನು ನಾಳೆಯಿಂದ ಮುಚ್ಚಲಾಗುವುದು.'

ನೀಲಾಂಬಿಕೆ: ಅದ್ಯಾಕೆ ಮುಚ್ತೀಯ?

ಬಾಗಿಲ ಸಂದಿಯಿಂದ ಹತ್ತು ಬಾಯಿಗಳು ಒಟ್ಟಿಗೇ 'ಅಯ್ಯೋ' ಎಂದವು.

ವೆಂಕಟಯ್ಯ: (ಎದ್ದು ನಿಂತು) ಓದಿದ್ರು! ಮೇಡಂ, ಓದಿದ್ರು! ಎಲ್ಲರೂ ಓದಿದ್ರು!

ನೀಲಾಂಬಿಕೆ: (ಸೆರಗಿನಿಂದ ಬಾಯಿ ಮುಚ್ಚಿ) ಹಾಳಾದ ಬಾಯಿ.

ಶಿಲ್ಪಶ್ರೀ: ಯಾವಾಗಿಂದ ಬರ್ತದೆ ಅಜ್ಜಿ?

ನೀಲಾಂಬಿಕೆ: ಮೊದಲ ವರ್ಷದ ಕಾರ್ತೀಕದಿಂದ. ಪಾಪ ಸೀತಕ್ಕ ಎಲ್ಲರಿಗಿಂತ ಮುಂಚೆ ಓದಿ ತೋರಿಸಿದ್ಲು. ಶಾಲು ಹೊದಿಸಿದ್ರು, ಚಪ್ಪಾಳೆ ತಟ್ಟಿದ್ರು, ಮುಂದಿನ ಬುಧವಾರ ಬಂದ್ರೆ 'ನಿಮ್ದು ಮುಗೀತು' ಅಂದ್ರು. ಈಗ ಬುಧವಾರ ಬಂತು ಅಂದ್ರೆ ಮನೇಲಿ ಕೂತು ಗೋಡೆ ನೋಡ್ತಾಳೆ ಮಾರಾಯ್ತಿ. ಅವತ್ತೇ ಹನ್ನೊಂದೂ ಜನ ಮಾತಾಡ್ಕೊಂಡ್ವಿ, ಯಾರೂ ಪಾಸಾಗೋದು ಬೇಡ ಅಂತ.

ವೆಂಕಟಯ್ಯ: ಹಾಗಾದ್ರೆ ಎರಡು ವರ್ಷ ನೀವಿಲ್ಲಿ ಮಾಡಿದ್ದೇನು?

ನೀಲಾಂಬಿಕೆ: ನೀವಿದ್ದಾಗ ಅ ಆ ಇ ಈ. ನೀವು ಟೀ ಕುಡಿಯೋಕೆ ಕೆಳಗಿಳಿದ ಮೇಲೆ ನಮ್ಮ ಕೆಲಸ. ಎನ್.ಆರ್. ಪುರದ ಬಸ್ಸು ನಮ್ಮ ತಿರುವಲ್ಲಿ ನಿಲ್ತಿರಲಿಲ್ಲ, ಈಗ ನಿಲ್ತದಲ್ಲ?

ವೆಂಕಟಯ್ಯ: ಅದು ಡ್ರೈವರ್ ಬದಲಾದ್ರು, ಅದಕ್ಕೆ.

ನೀಲಾಂಬಿಕೆ: ಆರು ಅರ್ಜಿ ಬರೆದ್ವಿ, ಅದಕ್ಕೆ. ಮತ್ತೆ, ನಮ್ಮ ಜೊತೆ ಕಲಿಯೋ ಭೈರಮ್ಮ ಗಂಡನಿಗೆ ದಿನಾ ಕುಡಿಸ್ತಿದ್ದ ಟಾನಿಕ್ಕು ದನದ್ದು ಅಂತ ಇಲ್ಲೇ ಓದಿ ಗೊತ್ತಾಗಿದ್ದು.

ಶಿಲ್ಪಶ್ರೀ: ಅಯ್ಯೋ! ಅವರಿಗೇನಾಯ್ತು?

ನೀಲಾಂಬಿಕೆ: ಎಂತ ಆಗ್ಲಿ? ಗಟ್ಟಿಮುಟ್ಟಾಗೇ ಇದಾರೆ. ಆದ್ರೂ ಬೇಡ ಅಂತ ನಿಲ್ಲಿಸಿದ್ಲು.

ಶಿಲ್ಪಶ್ರೀ ನಗು ತಡೆದುಕೊಂಡು ಫಾರಂ ಎಳೆದುಕೊಂಡಳು. ಪೆನ್ನು ಮಾತ್ರ ಅಲ್ಲೇ ನಿಂತಿತು.

ಶಿಲ್ಪಶ್ರೀ: ಕಷ್ಟ ಇದೆ ಸರ್. ಯಾರೂ ಕಲಿತಿಲ್ಲ ಅಂತ ಬರೆದ್ರೆ, ಪ್ರಯೋಜನ ಇಲ್ಲ ಅಂತ ಮುಚ್ತಾರೆ. ಎಲ್ಲರೂ ಕಲಿತ್ರು ಅಂತ ಬರೆದ್ರೆ, ಕೆಲಸ ಮುಗೀತು ಅಂತ ಮುಚ್ತಾರೆ.

ವೆಂಕಟಯ್ಯ: ಅರ್ಧ ಕಲಿತ್ರು ಅಂತ ಬರೆದ್ರೆ?

ಶಿಲ್ಪಶ್ರೀ: ಅದನ್ನ ನೀವು ಆಗಲೇ ಮೂರು ವರ್ಷದ ವರದಿಯಲ್ಲೂ ಬರೆದಿದೀರಿ.

ನೀಲಾಂಬಿಕೆ: ನಡೆದಿದ್ದು ಬರಿ ಕೂಸೇ. ಬಸ್ಸು ನಿಂತಿದ್ದು ಬರಿ, ಟಾನಿಕ್ಕು ನಿಂತಿದ್ದು ಬರಿ. ಕಲಿಯೋದು ಒಂದಲ್ಲ ಒಂದು ದಿನ ಮುಗೀತದೆ. ಅದರಿಂದ ಆಗೋ ಕೆಲಸ ಮುಗೀತದಾ?

ಹೊರಗಿದ್ದ ಹತ್ತು ಜನವೂ ಒಳಬಂದು ಸುತ್ತ ಕೂತರು. ಒಬ್ಬೊಬ್ಬರೂ ಹೇಳಿದ್ದನ್ನೆಲ್ಲ ಬರೆದುಕೊಳ್ಳುವಷ್ಟರಲ್ಲಿ ಮೂರು ಹಾಳೆ ತುಂಬಿತು. ಕೊನೆಗೆ ಶಿಲ್ಪಶ್ರೀ ತನ್ನ ಶಿಫಾರಸನ್ನು ಗಟ್ಟಿಯಾಗಿ ಓದಿದಳು: ತರಗತಿ ಮುಂದುವರಿಯಬೇಕು, ಪಾಸಾದವರನ್ನು ಮನೆಗೆ ಕಳಿಸುವ ಪದ್ಧತಿ ನಿಲ್ಲಬೇಕು, ಸೀತಕ್ಕನನ್ನು ಬರುವ ಬುಧವಾರವೇ ಕರೆಯಬೇಕು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ವೆಂಕಟಯ್ಯನವರ ಮುಖ ಮಾತ್ರ ಸಪ್ಪಗಿತ್ತು.

ವೆಂಕಟಯ್ಯ: ಎಲ್ಲ ಸರಿ ನೀಲಾಂಬಿಕಮ್ಮ. ಆದ್ರೆ ನಾನು ಎರಡು ವರ್ಷ ಗಂಟಲು ಹರ್ಕೊಂಡು ಅದೇ ಅ ಆ ಹೇಳಿಕೊಟ್ಟೆನಲ್ಲ. ನಮಗೆ ಬರ್ತದೆ ಅಂತ ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ?

ನೀಲಾಂಬಿಕೆ: ಹೇಳೋಣ ಅಂತಲೇ ಇದ್ವಿ ಮಾರಾಯ್ರೆ. ಆದ್ರೆ ನೀವು ಪಾಠ ಮಾಡೋದು ಈಗೀಗ ಸುಧಾರಿಸ್ತಾ ಇತ್ತು. ನಡುವಲ್ಲಿ ಬಿಡಿಸಿದ್ರೆ ಹಿಂದೆ ಬೀಳ್ತೀರಿ ಅಂತ ಸುಮ್ಮನಾದ್ವಿ.